ರೋಗಿ ದಾಖಲೆಗಳ ಗಣಕೀಕರಣ: ತಿಲಕ್ ನಗರದ ಆಸುಪಾಸಿನ ಇತಿಹಾಸ

ತಪಾಸಣೆ, ಲ್ಯಾಬ್ ವರದಿ, ಔಷಧ, ಶಸ್ತ್ರಚಿಕಿತ್ಸೆ ಮುಂತಾದ ವಿವರಗಳನ್ನು ಕಂಪ್ಯೂಟರಿನಲ್ಲಿ ಕಾಪಿಟ್ಟು, ಮುಂದಿನ ಚಿಕಿತ್ಸೆಗೆ ಒದಗಿಸುವ ವ್ಯವಸ್ಥೆಯೇ ವಿದ್ಯುನ್ಮಾನ ಆರೋಗ್ಯ ದಾಖಲೆ. ಇದರ ಕನ್ನಡನಾಡಿನ ಇತಿಹಾಸ ತಿಳಿಯಬೇಕಾದರೆ ದಕ್ಷಿಣ ಬೆಂಗಳೂರಿನ ತಿಲಕ್ ನಗರದಿಂದ ಹೊರಟರೆ ಸಾಕು. ಪಕ್ಕದಲ್ಲೇ ಜಯನಗರ ಸಾರ್ವಜನಿಕ ಆಸ್ಪತ್ರೆ. ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ. ಇನ್ನು ಸ್ವಲ್ಪ ದೂರದಲ್ಲಿ ಕಿದ್ವಾಯಿ ಗಂಥಿ (ಕ್ಯಾನ್ಸರ್) ಸಂಸ್ಥೆ, ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್. ಈ ಭಾಗದಲ್ಲಿ ಅಂಕಿ-ಅಂಶ ಮೊದಲು ಬಂದದ್ದು ಊರಿನ ರೋಗವನ್ನು ಎಣಿಸುವುದಕ್ಕೆ. ರೋಗಿಗೆ ತನ್ನದೇ ದಾಖಲೆ ದಕ್ಕುವ ಮಾತು ಶುರುವಾದದ್ದು ಸುಮಾರು ಇಪ್ಪತ್ತು ವರ್ಷಗಳ ನಂತರ.

ಹೊರಗಿನ ಹಿನ್ನೆಲೆ ಚಿಕ್ಕದಾಗಿ ಹೇಳಿದರಾಯಿತು. ಕೇಸ್ ಶೀಟನ್ನು ರೋಗಿಯ ಸಮಸ್ಯೆಗಳ ಪಟ್ಟಿಯ ಸುತ್ತ ಬರೆಯಬೇಕೆಂದು ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲಿ ವಾದಿಸಿದರು. ಇಂಡಿಯಾನಾಪೊಲಿಸ್‌ನ ಕ್ಲೆಮೆಂಟ್ ಮೆಕ್‌ಡೊನಾಲ್ಡ್ 1976ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರ್ ನೆನಪಿಸಿದಾಗ ಗಮನಿಸಬೇಕಾದ ಸಂಗತಿಗಳಲ್ಲಿ ಶೇ. 51ಕ್ಕೆ ವೈದ್ಯರು ಸ್ಪಂದಿಸಿದ್ದರು, ನೆನಪಿಸದಿದ್ದಾಗ ಶೇ. 22ಕ್ಕೆ ಮಾತ್ರ. ವೈದ್ಯರಿಗೆ ತಿಳಿವಳಿಕೆಯ ಕೊರತೆ ಇರಲಿಲ್ಲ. ಒಬ್ಬ ಮನುಷ್ಯನ ತಲೆಯಲ್ಲಿ ಅಷ್ಟೆಲ್ಲ ಒಟ್ಟಿಗೆ ನಿಲ್ಲುವುದಿಲ್ಲ ಎಂಬುದು ಮೆಕ್‌ಡೊನಾಲ್ಡ್ ಅವರ ನಿಲುವು. ಇಂದಿಗೂ ಈ ವಿಷಯದಲ್ಲಿ ಇದಕ್ಕಿಂತ ಗಟ್ಟಿಯಾದ ವಾದ ಹುಡುಕುವುದು ಕಷ್ಟ.

ನಮ್ಮಲ್ಲಿ ಮೊದಲ ಹೆಜ್ಜೆ ಇಟ್ಟದ್ದು ಕಿದ್ವಾಯಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಬೆಂಗಳೂರು, ಮುಂಬಯಿ, ಚೆನ್ನೈಗಳ ಜನಸಂಖ್ಯಾಧಾರಿತ ನೋಂದಣಿಗಳೊಂದಿಗೆ ಆರಂಭವಾಯಿತು. ಬೆಂಗಳೂರಿನದು 1982ರಿಂದ ಕಿದ್ವಾಯಿಯಲ್ಲಿ ನಡೆದುಬಂದಿದೆ. ಆಗ ಕ್ಯಾನ್ಸರನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕೆಂಬ ಕಾನೂನು ಇರಲಿಲ್ಲ. ಹಾಗಾಗಿ ನೋಂದಣಿ ಸಿಬ್ಬಂದಿಯೇ ಆಸ್ಪತ್ರೆಗಳ ರೆಕಾರ್ಡ್ ರೂಮು, ಪೆಥಾಲಜಿ ಲ್ಯಾಬು, ಜನನ-ಮರಣ ನೋಂದಣಿ ಕಚೇರಿಗಳನ್ನು ಸುತ್ತಿ ವಿವರ ಬರೆದುಕೊಳ್ಳಬೇಕಾಯಿತು. ಚಿಕಿತ್ಸೆಗೆಂದು ಬೇರೆ ಊರಿಂದ ಬಂದು ಹೋಗುವವರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ನಗರದಲ್ಲಿ ಕನಿಷ್ಠ ಒಂದು ವರ್ಷದಿಂದ ವಾಸವಿರುವವರು ಮಾತ್ರ ಸೇರಬೇಕು. ದೊಡ್ಡ ತಲೆನೋವು ಹೆಸರಿನದು. ಒಂದೇ ಹೆಂಗಸು ಒಂದು ಆಸ್ಪತ್ರೆಯಲ್ಲಿ ಲಕ್ಷ್ಮಿ, ಇನ್ನೊಂದರಲ್ಲಿ ಲಕ್ಷ್ಮಮ್ಮ, ಮತ್ತೊಂದರಲ್ಲಿ ಇನಿಷಿಯಲ್ಲು ಬೇರೆ ಎಂದಾದರೆ ಒಂದು ಕಾಯಿಲೆ ಮೂರಾಗಿ ಎಣಿಕೆಯಾಗುತ್ತದೆ. ವಯಸ್ಸು, ವಿಳಾಸ, ರೋಗ ಹಿಡಿದ ಅಂಗ ಎಲ್ಲವನ್ನೂ ತಾಳೆ ನೋಡಿ ಇಂಥ ಪುನರಾವರ್ತನೆ ತೆಗೆದುಹಾಕಬೇಕು. ಈ ಕೆಲಸಕ್ಕೆ ಹೊರಗೆ ಹೆಸರೂ ಇಲ್ಲ, ಸನ್ಮಾನವೂ ಇಲ್ಲ.

ಆದರೆ ಫಲ ಸಣ್ಣದಲ್ಲ. ನೋಂದಣಿಯ ಆರಂಭದ ವರ್ಷಗಳಲ್ಲಿ ಬೆಂಗಳೂರಿನ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರೇ ಮೊದಲ ಸ್ಥಾನದಲ್ಲಿತ್ತು. ಮುಂದಿನ ದಶಕಗಳಲ್ಲಿ ಅದು ಇಳಿಯುತ್ತ ಬಂದು ಸ್ತನ ಕ್ಯಾನ್ಸರ್ ಮುಂದಾಯಿತು. ಒಬ್ಬ ವೈದ್ಯರ ಅನುಭವಕ್ಕೆ ಇಷ್ಟು ನಿಧಾನದ ಬದಲಾವಣೆ ನಿಲುಕುವುದಿಲ್ಲ. ಯಾವ ತಪಾಸಣೆಗೆ ಹಣ ಹಾಕಬೇಕು, ಯಾವ ವಾರ್ಡು ದೊಡ್ಡದಾಗಬೇಕು ಎಂಬ ತೀರ್ಮಾನಗಳಿಗೆ ಬೇಕಾದದ್ದು ಇಂಥದೇ ಲೆಕ್ಕ.

ನಿಮ್ಹಾನ್ಸ್ ಇದೇ ಜಾಡಿನಲ್ಲಿ 2007ರಲ್ಲಿ ಬೆಂಗಳೂರಿನ ಗಾಯಾಳುಗಳ ಸಮೀಕ್ಷೆ ಆರಂಭಿಸಿ, ಪೊಲೀಸರ ಮತ್ತು ಆಸ್ಪತ್ರೆಗಳ ದಾಖಲೆಗಳನ್ನು ಒಂದೆಡೆ ತಂದಿತು. ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮನೋರೋಗಿಗಳ ದಾಖಲೆಯ ವಿಷಯದಲ್ಲಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕನ್ನೂ ತನ್ನ ವೈದ್ಯಕೀಯ ದಾಖಲೆ ನೋಡುವ ಹಕ್ಕನ್ನೂ ಕೊಟ್ಟಿದೆ. ಇದನ್ನು ಜಾರಿಗೆ ತರಲು ರಾಜ್ಯ ಸರ್ಕಾರ, ನಿಮ್ಹಾನ್ಸ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ-ಬೆಂಗಳೂರು ಸೇರಿ ರೂಪಿಸಿದ ‘ಇ-ಮಾನಸ್’ ಗಣಕ ವ್ಯವಸ್ಥೆ 2020ರ ಜೂನ್‌ನಲ್ಲಿ ಕಾರ್ಯಾರಂಭ ಮಾಡಿತು. ರೋಗಿಯ ಒಪ್ಪಿಗೆಯನ್ನು ವ್ಯವಸ್ಥೆಯ ಒಳಗೇ ಹೆಣೆದದ್ದು ಇದರ ಹೆಚ್ಚುಗಾರಿಕೆ.

ಅಂಕಿ-ಅಂಶ ಅದೇ ಗಳಿಗೆಯಲ್ಲಿ ರೋಗಿಯನ್ನು ಉಳಿಸುವ ಹಂತಕ್ಕೆ ಬಂದದ್ದು ಹೃದ್ರೋಗದ ವಿಷಯದಲ್ಲಿ. 40 ದಾಟದವರಲ್ಲಿ ಹೃದಯಾಘಾತ ಹೆಚ್ಚುತ್ತಿರುವುದನ್ನು ಕಂಡು ಜಯದೇವ ಸಂಸ್ಥೆ 2017ರಲ್ಲಿ ಅಂಥವರಿಗೇ ಪ್ರತ್ಯೇಕ ನೋಂದಣಿ ತೆರೆಯಿತು. ಮುಂದೆ ರಾಜ್ಯದಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ ಜಾರಿಗೆ ಬಂತು. ಜಿಲ್ಲೆ-ತಾಲ್ಲೂಕು ಆಸ್ಪತ್ರೆಯಲ್ಲಿ ಎದೆನೋವಿನ ರೋಗಿಗೆ ಇಸಿಜಿ ತೆಗೆದ ಕೂಡಲೇ ಅದು ಕೃತಕ ಬುದ್ಧಿಮತ್ತೆಯ ನೆರವಿನ ವಿಶ್ಲೇಷಣೆಗೆ ಹೋಗಿ, ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಹೃದಯಾಘಾತ ಎಂದಾದರೆ ಸುಮಾರು 30 ಸಾವಿರ ರೂಪಾಯಿ ಬೆಲೆಯ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ರೋಗಿಯನ್ನು ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಆಂಬುಲೆನ್ಸ್ ಬೆಂಗಳೂರು ಮುಟ್ಟುವಷ್ಟರಲ್ಲಿ ಕೈಮೀರುತ್ತಿದ್ದ ಹೊತ್ತು ಇದರಿಂದ ಉಳಿಯುತ್ತದೆ.

ದಾಖಲೆಯ ಕೊರತೆ ಏನು ಮಾಡುತ್ತದೆ ಎಂಬುದು 2025ರಲ್ಲಿ ಕಂಡಿತು. ಹಾಸನ ಜಿಲ್ಲೆಯಲ್ಲಿ ಮೇ-ಜೂನ್ ಸುಮಾರಿಗೆ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸುದ್ದಿಗೆ ಹೆದರಿ ಜನ ಜಯದೇವಕ್ಕೆ ಮುಗಿಬಿದ್ದರು. ತಜ್ಞರ ಸಮಿತಿ ಅಂಕಿ-ಅಂಶ ನೋಡಿ, ಅಸಹಜ ಏರಿಕೆ ಇಲ್ಲ ಎಂದಿತು. ಆಸ್ಪತ್ರೆಗೆ ಬರುವ ಮುನ್ನವೇ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಸರ್ಕಾರ ಘೋಷಿಸಿದ್ದು ಆಮೇಲೆ.

ಇನ್ನು ರೋಗಿಯ ಸ್ವಂತ ದಾಖಲೆ. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಪಿಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬ ವೈದ್ಯಕೀಯ ಮಂಡಳಿಯ ನಿಯಮ 2002ರದ್ದು. ಕೇಂದ್ರ ಸರ್ಕಾರ 2013ರಲ್ಲಿ ವಿದ್ಯುನ್ಮಾನ ದಾಖಲೆಯ ಮಾನದಂಡ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಯ ‘ಆಭಾ’ ಸಂಖ್ಯೆ ಕೊಟ್ಟು, ರೋಗಿ ಒಪ್ಪಿದರೆ ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳು ಒಂದಕ್ಕೊಂದು ಕೂಡುವ ದಾರಿ ಮಾಡಿತು. ದಾರಿ ಇದೆ ಎಂದಮಾತ್ರಕ್ಕೆ ಎಲ್ಲರೂ ನಡೆದಿದ್ದಾರೆ ಎನ್ನುವಂತಿಲ್ಲ: ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಚೀಟಿ, ಸ್ಕ್ಯಾನ್ ಫಿಲಂ ಹೊತ್ತು ಓಪಿಡಿಗೆ ಬರುವವರು ಈಗಲೂ ಬೇಕಾದಷ್ಟಿದ್ದಾರೆ.

ಒಪ್ಪಿಗೆಯ ಪ್ರಶ್ನೆಗೆ ಕಾನೂನಿನ ಬುನಾದಿ ಹಾಕಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಅದರ ಬೆನ್ನಿಗೆ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದ್ದು. ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಮುಖ್ಯ ವಿಧಿಗಳ ಪಾಲನೆಗೆ 18 ತಿಂಗಳ ಗಡುವಿನೊಡನೆ.