ಹಾರ್ಷ್ ನಾಯ್ಸ್: ಎಫೆಕ್ಟ್ ಪೆಡಲ್‌ಗಳು ಮತ್ತು ಮುರಿದ ಕಟ್ಟಳೆಗಳು

ರಾಗ, ತಾಳ, ಸಾಹಿತ್ಯ ಮೂರನ್ನೂ ಬದಿಗಿಟ್ಟು ಕರ್ಕಶ ಸದ್ದನ್ನೇ ದ್ರವ್ಯವಾಗಿಸಿಕೊಂಡ ಸಂಗೀತ ಪ್ರಕಾರ ಹಾರ್ಷ್ ನಾಯ್ಸ್. 1980ರ ದಶಕದಲ್ಲಿ ಜಪಾನಿನ ಒಸಾಕಾ, ಕ್ಯೋಟೊ, ಟೋಕಿಯೊ ನಗರಗಳಲ್ಲಿ ಇದಕ್ಕೆ ಸ್ಪಷ್ಟ ರೂಪ ಬಂತು. ಈ ಸಂಗೀತದ ಚರಿತ್ರೆ ಬಹುಮಟ್ಟಿಗೆ ಎಫೆಕ್ಟ್ ಪೆಡಲ್‌ಗಳ ಚರಿತ್ರೆಯೂ ಹೌದು. ಗಿಟಾರಿನ ದನಿಗೆ ಬಣ್ಣ ಕೊಡಲೆಂದು ಹುಟ್ಟಿದ ಪೆಟ್ಟಿಗೆ ಇಲ್ಲಿ ತಾನೇ ವಾದ್ಯವಾಯಿತು.

ಗದ್ದಲವೂ ಸಂಗೀತವಾಗಬಲ್ಲದೆಂದು ಇಟಲಿಯ ಚಿತ್ರಕಾರ ಲುಯಿಜಿ ರುಸ್ಸೊಲೊ 1913ರಲ್ಲೇ ಪ್ರಣಾಳಿಕೆ ಬರೆದು, ಅದಕ್ಕೆಂದೇ ಯಂತ್ರಗಳನ್ನೂ ಕಟ್ಟಿದ್ದ. ಆದರೆ ಹಾರ್ಷ್ ನಾಯ್ಸ್‌ಗೆ ಹತ್ತಿರದ ಪೂರ್ವಜರು ರಾಕ್ ಲೋಕದವರು. 1962ರಲ್ಲಿ ಮೆಸ್ಟ್ರೊ ಫಜ್-ಟೋನ್ ಪೆಡಲ್ ಮಾರುಕಟ್ಟೆಗೆ ಬಂದ ಮೇಲೆ ಒಡೆದ ದನಿ ಗಿಟಾರಿಗರಿಗೆ ಬೇಕಾದ ಗುಣವಾಯಿತು. ಲೂ ರೀಡ್ 1975ರ ‘ಮೆಟಲ್ ಮೆಷಿನ್ ಮ್ಯೂಸಿಕ್’ ಜೋಡಿ ಎಲ್‌ಪಿಯಲ್ಲಿ ಹಾಡನ್ನೇ ಕೈಬಿಟ್ಟು, ಗಿಟಾರ್ ಮತ್ತು ಆಂಪ್ಲಿಫೈಯರ್ ನಡುವಿನ ಫೀಡ್‌ಬ್ಯಾಕನ್ನು ಮಾತ್ರ ಉಳಿಸಿದ. 1980ರಲ್ಲಿ ಬ್ರಿಟನ್ನಿನ ವೈಟ್‌ಹೌಸ್ ತಂಡ ಸಿಂಥಸೈಜರಿನ ಚೀರಾಟ ಮತ್ತು ಕಿರುಚು ದನಿಯಿಂದ ಪವರ್ ಎಲೆಕ್ಟ್ರಾನಿಕ್ಸ್ ಎಂಬ ಸೋದರ ಪ್ರಕಾರ ಶುರುಮಾಡಿತು.

ಡಿಸ್ಟಾರ್ಷನ್ ಪೆಡಲ್ ಮಾಡುವ ಕೆಲಸ ಸರಳ. ಅದು ವಿದ್ಯುತ್ ಅಲೆಯನ್ನು ಹಿಗ್ಗಿಸಿ ಅದರ ನೆತ್ತಿಯನ್ನು ಕತ್ತರಿಸುತ್ತದೆ. ಮೂಲದಲ್ಲಿಲ್ಲದ ಹೊಸ ಸ್ವರಾಂಶಗಳು ಆ ಕತ್ತರಿಯಿಂದ ಹುಟ್ಟುತ್ತವೆ. ಒಂದರ ಹಿಂದೆ ಒಂದು ನಾಲ್ಕೈದು ಪೆಡಲ್ ಜೋಡಿಸಿದರೆ ಮೂಲ ಸದ್ದು ಯಾವುದೆಂಬ ಗುರುತೇ ಅಳಿಸಿಹೋಗುತ್ತದೆ. ಗಿಟಾರಿಗರ ವಾಡಿಕೆಯಲ್ಲಿ ಡಿಸ್ಟಾರ್ಷನ್ ಮೊದಲು, ದನಿಯನ್ನು ತಡವಾಗಿ ಮರುಕಳಿಸುವ ಡಿಲೇ ಮತ್ತು ಅನುರಣನ ಕೊಡುವ ರಿವರ್ಬ್ ಆಮೇಲೆ. ನಾಯ್ಸ್ ಕಲಾವಿದರು ಈ ಕ್ರಮವನ್ನು ತಲೆಕೆಳಗು ಮಾಡಿದರು. ರಿವರ್ಬನ್ನು ಡಿಸ್ಟಾರ್ಷನ್ನಿಗೆ ಉಣಿಸಿದಾಗ, ಮೆಲ್ಲಗೆ ಕರಗಬೇಕಿದ್ದ ಅನುರಣನವೇ ಮೊರೆತವಾಗಿ ಮುಂದೆ ನುಗ್ಗುತ್ತದೆ. ಡಿಲೇ ಪೆಡಲಿನ ಮರುಕಳಿಕೆಯನ್ನು ಮಿತಿ ಮೀರಿಸಿದರೆ ಅದು ಹೊರಗಿನ ಸದ್ದಿನ ಹಂಗಿಲ್ಲದೆ ತಾನಾಗಿ ಊಳಿಡತೊಡಗುತ್ತದೆ. ಇದರ ಕೊನೆಯ ಹೆಜ್ಜೆ ಮಿಕ್ಸರಿನ ಔಟ್‌ಪುಟ್ ತಂತಿಯನ್ನು ಅದರದೇ ಇನ್‌ಪುಟ್‌ಗೆ ಚುಚ್ಚುವುದು. ಆಗ ವಾದ್ಯವೂ ಬೇಡ, ಮೈಕೂ ಬೇಡ. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ 1970ರ ದಶಕದ ಆರಂಭದಲ್ಲೇ ಉಪಕರಣಗಳನ್ನು ಹೀಗೆ ಸುತ್ತು ಹಾಕಿ ಸಂಗೀತ ರಚಿಸಿದ್ದ.

ಜಪಾನಿನಲ್ಲಿ 1979 ನಿರ್ಣಾಯಕ ವರ್ಷ. ಜೋಜೊ ಹಿರೊಶಿಗೆ ಅವರ ಹಿಜೊಕೈಡಾನ್ ತಂಡ ಹುಟ್ಟಿದ್ದೂ, ಮಸಾಮಿ ಅಕಿತಾ ಮೆರ್ಜ್‌ಬೋ ಎಂಬ ಹೆಸರಿನಲ್ಲಿ ಕೆಲಸ ಆರಂಭಿಸಿದ್ದೂ ಆಗಲೇ. ಕುರ್ಟ್ ಶ್ವಿಟರ್ಸ್ ಎಂಬ ಜರ್ಮನ್ ಕಲಾವಿದ ಬಿಸಾಡಿದ ವಸ್ತುಗಳನ್ನೂ ಸೇರಿಸಿ ಕಟ್ಟಿದ ಕಲಾಕೃತಿಯ ಹೆಸರನ್ನು ಅಕಿತಾ ಆರಿಸಿಕೊಂಡರು. ಲೋಹದ ತುಂಡಿಗೆ, ಕಂಪನವನ್ನು ನೇರವಾಗಿ ಹಿಡಿಯುವ ಕಾಂಟ್ಯಾಕ್ಟ್ ಮೈಕ್ ಅಂಟಿಸಿ, ಕೆರೆದು, ಆ ಸದ್ದನ್ನು ಪೆಡಲ್‌ಗಳ ಮೂಲಕ ಹಾಯಿಸುವುದು ಅವರ ರೀತಿಯಾಯಿತು. 1996ರ ‘ಪಲ್ಸ್ ಡೀಮನ್’ ಆಲ್ಬಂ ಈ ವಿಧಾನದ ಶಿಖರ. ಒಸಾಕಾದ ಮಸೊನ್ನಾ ಸ್ವಂತ ಕಂಠವನ್ನೇ ಡಿಸ್ಟಾರ್ಷನ್ನಿಗೆ ಒಡ್ಡಿ, ಕಚೇರಿಯನ್ನು ಕೆಲವೇ ನಿಮಿಷಗಳಿಗೆ ಇಳಿಸಿದರು. ಆಬ್ ಹೆಸರಿನ ಅಕಿಫುಮಿ ನಾಕಾಜಿಮಾ ಇನ್ನೂ ಕಠಿಣ ವ್ರತ ಹಿಡಿದರು: ಒಂದು ಕೃತಿಗೆ ಒಂದೇ ಮೂಲ, ಉದಾಹರಣೆಗೆ ನೀರು, ಉಳಿದದ್ದೆಲ್ಲ ಎಫೆಕ್ಟ್‌ಗಳ ಕೆಲಸ.

ಕಟ್ಟಳೆ ಮುರಿದು ಹುಟ್ಟಿದ ಪ್ರಕಾರಕ್ಕೆ 1990ರ ದಶಕದ ಹೊತ್ತಿಗೆ ತನ್ನದೇ ಕಟ್ಟಳೆಗಳು ಬೆಳೆದಿದ್ದವು. ತಾಳ ಇರಬಾರದು, ಸದ್ದು ಸದಾ ತುಂಬಿರಬೇಕು, ಆಲ್ಬಂ ಮುಖಪುಟದಲ್ಲಿ ಹಿಂಸೆ ಅಥವಾ ಕಾಮದ ಚಿತ್ರ ಬೇಕು. ಇವುಗಳನ್ನು ಧೈರ್ಯವಾಗಿ ಮುರಿದವರಲ್ಲಿ ಅಕಿತಾ ಅವರೂ ಒಬ್ಬರು. ದಶಕದ ಕೊನೆಗೆ ಪೆಡಲ್‌ಗಳನ್ನು ಬಿಟ್ಟು ಲ್ಯಾಪ್‌ಟಾಪ್ ಹಿಡಿದರು. 2002ರ ‘ಮೆರ್ಜ್‌ಬೀಟ್’ನಲ್ಲಿ ತಾಳವನ್ನೇ ಕರೆತಂದರು. ಹಿಂದೆ ಕಾಮದಾಟದ ಬಂಧನದ (ಬಾಂಡೇಜ್) ದೃಶ್ಯಗಳಿಗೆ ಸಂಗೀತ ಮಾಡಿದ್ದವರು ಸಸ್ಯಾಹಾರಿಯಾಗಿ, ಪ್ರಾಣಿಗಳ ಪರ ನಿಂತರು. ಪ್ರಕಾರದ ಅತಿ ದೊಡ್ಡ ಕ್ರಾಂತಿ ಇದೇ: ಕರ್ಕಶ ಸದ್ದು ಕ್ರೌರ್ಯದ ಸೊತ್ತಲ್ಲ ಎಂದು ಇದು ತೋರಿಸಿತು.

ಇನ್ನೊಂದು ದಾರಿ ಹಾರ್ಷ್ ನಾಯ್ಸ್ ವಾಲ್. ವ್ಯಾಂಕೂವರಿನ ದಿ ರೀಟಾ, ಫ್ರಾನ್ಸಿನ ವೊಮಿರ್ ಮುಂತಾದವರು ಏರಿಳಿತವನ್ನೂ ತೆಗೆದುಹಾಕಿ, ಕದಲದ ಗೋಡೆಯಂಥ ಸದ್ದನ್ನು ನಿಲ್ಲಿಸಿದರು. ದಿ ರೀಟಾದ 2006ರ ‘ಥೌಸಂಡ್ಸ್ ಆಫ್ ಡೆಡ್ ಗಾಡ್ಸ್’ಗೆ ಮೂಲ, ಶಾರ್ಕ್‌ಗಳನ್ನು ನೋಡಲು ಪಂಜರದಲ್ಲಿ ಸಮುದ್ರಕ್ಕಿಳಿದಾಗಿನ ಧ್ವನಿಮುದ್ರಣ. ಡಿಸ್ಟಾರ್ಷನ್ ಅದನ್ನು ಗುರುತು ಸಿಗದಷ್ಟು ಅರೆದಿದ್ದರೂ ಆ ಒರಟು ಕಡಿತದ ಹಿಂದೆ ಒಂದು ನಿಜ ಸ್ಥಳವಿದೆ.

ಕಿವಿಗಡಚಿಕ್ಕುವ ಈ ಸಂಗೀತದ ಕಚೇರಿಗಳಿಗೆ ಹೋಗುವವರು ಕಿವಿಗೆ ಬಿರಡೆ ಇಟ್ಟುಕೊಳ್ಳಬೇಕು. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆಯ ಮಾನದಂಡದಂತೆ 100 ಡೆಸಿಬೆಲ್ ಸದ್ದನ್ನು ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಕೇಳಬಾರದು. ಆದರೆ ಹಾರ್ಷ್ ನಾಯ್ಸ್‌ನ ಒರಟುತನ ಇರುವುದು ಸದ್ದಿನ ಜೋರಿನಲ್ಲಲ್ಲ, ಅಲೆಯ ಆಕಾರದಲ್ಲಿ. ಮನೆಯಲ್ಲಿ ಸಣ್ಣ ದನಿಯಲ್ಲಿಟ್ಟು ಕೇಳಿದರೂ ‘ಪಲ್ಸ್ ಡೀಮನ್’ನ ಪದರಗಳು ಬಿಡಿಬಿಡಿಯಾಗಿ ತಿಳಿಯುತ್ತವೆ.