99 ಪಂದ್ಯ, ಗೆಲುವು ಸೊನ್ನೆ

ನಾರ್ಥಾಂಪ್ಟನ್‌ಶೈರ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು 1995ರಲ್ಲಿ ಆ ಕೌಂಟಿಗೆ ಆಡಿ 105 ವಿಕೆಟ್ ಕಿತ್ತ ನಮ್ಮ ಅನಿಲ್ ಕುಂಬ್ಳೆ. ನನ್ನನ್ನು ಹೆಚ್ಚು ಕಾಡುವುದು ಅದಕ್ಕೂ ಅರವತ್ತು ವರ್ಷ ಹಿಂದಿನ ಕತೆ.

1935ರ ಮೇ ತಿಂಗಳಲ್ಲಿ ಸಾಮರ್ಸೆಟ್ ವಿರುದ್ಧ ಗೆದ್ದವರು ಚಾಂಪಿಯನ್‌ಶಿಪ್‌ನಲ್ಲಿ ಮತ್ತೆ ಗೆದ್ದದ್ದು 1939ರ ಮೇ 29ರಂದು. ನಡುವೆ 99 ಪಂದ್ಯ, ಒಂದೂ ಗೆಲುವಿಲ್ಲ! ನಮ್ಮ ಗಲ್ಲಿ ಕ್ರಿಕೆಟ್ಟಿನಲ್ಲಿ ನಾಲ್ಕು ಸಲ ಸೋತರೆ ಬ್ಯಾಟ್ ತಂದವನೇ ಮನೆಗೆ ಹೊರಟುಬಿಡುತ್ತಾನೆ. ಇವರು ಆಡುತ್ತಲೇ ಇದ್ದರು.

ಅದರಲ್ಲೂ 1936... ಇಡೀ ವರ್ಷ ಸೋಲು, ಇಲ್ಲವೇ ಡ್ರಾ. ಕೊನೆಯ ಪಂದ್ಯ ಚೆಸ್ಟರ್‌ಫೀಲ್ಡ್‌ನಲ್ಲಿ, ಎದುರಾಳಿ ಆ ವರ್ಷದ ಚಾಂಪಿಯನ್ ಡರ್ಬಿಶೈರ್. ಇಂಗ್ಲೆಂಡಿಗೆ ಆರು ಟೆಸ್ಟ್ ಆಡಿದ್ದ ಫ್ರೆಡ್ ಬೇಕ್‌ವೆಲ್ ಔಟಾಗದೆ 241 ಹೊಡೆದ. ಆದರೂ ಪಂದ್ಯ ಡ್ರಾ. ಅಲ್ಲಿಂದ ಊರಿಗೆ ಮರಳುವಾಗ ಕಾರು ಅಪಘಾತವಾಗಿ ಜೊತೆಗಿದ್ದ ಆಟಗಾರ ರೆಜಿನಾಲ್ಡ್ ನಾರ್ತ್‌ವೇ ಸತ್ತುಹೋದ. ಬೇಕ್‌ವೆಲ್ ಬದುಕಿದ, ಆದರೆ ತೋಳು ಮುರಿದಿತ್ತು. ಮತ್ತೆಂದೂ ಕೌಂಟಿ ಆಡಲಿಲ್ಲ. ಆಗ ಅವನಿಗೆ ಬರೀ 27.

ಕೊನೆಗೂ ಗೆದ್ದಾಗ ಗೆದ್ದ ಪರಿ ನೋಡಿ: ಲೆಸ್ಟರ್‌ಶೈರ್ 134 ಮತ್ತು 183, ಇವರು 8 ವಿಕೆಟ್ಟಿಗೆ 510. ಇನ್ನಿಂಗ್ಸ್ ಮತ್ತು 193 ರನ್! ಡೆನಿಸ್ ಬ್ರೂಕ್ಸ್ ಒಬ್ಬನೇ 187 ಹೊಡೆದಿದ್ದ.

ಆ ಸೆಪ್ಟೆಂಬರಿನಲ್ಲೇ ಯುದ್ಧ ಶುರುವಾಯಿತು. ಗೆದ್ದ ತಂಡದ ನಾಯಕ ರಾಬರ್ಟ್ ನೆಲ್ಸನ್ 1940ರಲ್ಲಿ ಬಾಂಬ್ ದಾಳಿಗೆ ಸಿಕ್ಕಿ ತೀರಿಕೊಂಡ. ಬ್ರೂಕ್ಸ್ ಮಾತ್ರ 1959ರವರೆಗೂ ಅದೇ ಕೌಂಟಿಗೆ ಆಡಿದ.