ಪ್ರಣಯ ಕಾದಂಬರಿಗಳ ಆಯ್ಕೆ ಮತ್ತು ವರ್ಗೀಕರಣ: ಶಿಫಾರಸು ಪಟ್ಟಿಗಳ ಚರಿತ್ರೆ

ಕಥೆಗಳನ್ನು ಗುಂಪುಗೂಡಿಸಿ ಪಟ್ಟಿ ಮಾಡುವ ಕೆಲಸದಲ್ಲಿ ಜಾನಪದ ಅಧ್ಯಯನಕ್ಕೆ ನೂರು ವರ್ಷಗಳಿಗೂ ಮೀರಿದ ಅನುಭವವಿದೆ. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಪ್ರಕಟಿಸಿದ ಕಥಾವರ್ಗ ಸೂಚಿಯನ್ನು ಅಮೆರಿಕದ ಸ್ಟಿತ್ ಥಾಮ್ಸನ್ 1928ರಲ್ಲಿಯೂ 1961ರಲ್ಲಿಯೂ ವಿಸ್ತರಿಸಿದರು. ಆ ಸೂಚಿಯಲ್ಲಿ 850ರಿಂದ 999ರವರೆಗಿನ ಸಂಖ್ಯೆಗಳು ‘ರಮ್ಯ ಕಥೆ’ಗಳಿಗೆ ಮೀಸಲಾಗಿದ್ದವು. 2004ರಲ್ಲಿ ಹಾನ್ಸ್-ಯೋರ್ಗ್ ಊಥರ್ ಅದನ್ನು ಪರಿಷ್ಕರಿಸಿದಾಗ ಅವೇ ಸಂಖ್ಯೆಗಳ ಮೇಲೆ ‘ವಾಸ್ತವಿಕ ಕಥೆ’ಗಳು ಎಂಬ ತಲೆಬರಹ ಬಂದಿತು. ಒಂದೇ ಕಥಾಸಮೂಹ ಒಬ್ಬ ವಿದ್ವಾಂಸನಿಗೆ ರಮ್ಯವಾಗಿಯೂ ಇನ್ನೊಬ್ಬನಿಗೆ ವಾಸ್ತವವಾಗಿಯೂ ಕಂಡಿರುವುದು ಈ ವರ್ಗೀಕರಣದ ಮೂಲ ತೊಡಕನ್ನು ಸೂಚಿಸುತ್ತದೆ.

ಅಚ್ಚಾದ ಪ್ರಣಯ ಕಾದಂಬರಿಗಳ ವಿಷಯದಲ್ಲಿ ಈ ತೊಡಕಿಗೆ ವ್ಯಾವಹಾರಿಕ ಪರಿಣಾಮಗಳೂ ಇವೆ. ಗ್ರಂಥಾಲಯ ಯಾವುದನ್ನು ಕೊಳ್ಳಬೇಕು, ಓದುಗರಿಗೆ ಯಾವುದನ್ನು ಸೂಚಿಸಬೇಕು, ಹಳತಾದ ಮೇಲೆ ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ತೀರ್ಮಾನಗಳು ಪಟ್ಟಿಗಳನ್ನು ಅವಲಂಬಿಸಿರುತ್ತವೆ. ಇಂತಹ ಪಟ್ಟಿಗಳು ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಬೆಳೆದುಬಂದ ಬಗೆಯನ್ನು ಗಮನಿಸಿ, ಅಲ್ಲಿ ಸಿದ್ಧವಾದ ಲಕ್ಷಣಗಳು ಕನ್ನಡದ ಜನಪ್ರಿಯ ಕಾದಂಬರಿಗಳಿಗೆ ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆರಂಭದ ಪಟ್ಟಿಗಳ ಕಾಳಜಿ ಹೆಚ್ಚಾಗಿ ಹೊರಗಿಡುವುದರ ಕಡೆಗಿತ್ತು. ಲಂಡನ್ನಿನಲ್ಲಿ 1842ರಲ್ಲಿ ಚಾರ್ಲ್ಸ್ ಎಡ್ವರ್ಡ್ ಮ್ಯೂಡಿ ತೆರೆದ ಸರ್ಕ್ಯುಲೇಟಿಂಗ್ ಲೈಬ್ರರಿಯ ಹೆಸರಿನಲ್ಲಿಯೇ ‘ಆಯ್ದ’ ಎಂಬ ವಿಶೇಷಣವಿತ್ತು. ಕುಟುಂಬದವರೆಲ್ಲರೂ ಅಂಜಿಕೆಯಿಲ್ಲದೆ ಓದಬಹುದಾದ ಪುಸ್ತಕಗಳು ಎಂಬುದು ಆ ಆಯ್ಕೆಯ ಹಿಂದಿನ ಭರವಸೆ. ಮ್ಯೂಡಿ ಕೊಳ್ಳದ ಕಾದಂಬರಿಗೆ ಮಾರುಕಟ್ಟೆ ಸಿಗುವುದು ಕಷ್ಟವಾಗಿದ್ದುದರಿಂದ ಪ್ರಕಾಶಕರೂ ಲೇಖಕರೂ ಆತನ ಅಭಿರುಚಿಗೆ ಹೊಂದಿಕೊಳ್ಳಬೇಕಾಯಿತು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ 1881ರಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆ ಪ್ರಶ್ನಾವಳಿ ಕಳುಹಿಸಿ, ಸಂಶಯಾಸ್ಪದವೆನಿಸಿದ ಕಾದಂಬರಿಕಾರರನ್ನು ದೂರವಿಡಲಾಗಿದೆಯೇ ಎಂದು ವಿಚಾರಿಸಿತು. ಇ.ಡಿ.ಇ.ಎನ್. ಸೌತ್‌ವರ್ತ್, ಮೇರಿ ಜೇನ್ ಹೋಮ್ಸ್ ಮುಂತಾದ, ಆ ಕಾಲದ ಮಹಿಳೆಯರು ಅತಿ ಹೆಚ್ಚಾಗಿ ಓದುತ್ತಿದ್ದ ಲೇಖಕಿಯರ ಹೆಸರುಗಳು ಅದರಲ್ಲಿದ್ದವು. ಈ ಲೇಖಕಿಯರನ್ನು ಒಂದು ಪ್ರಕಾರವಾಗಿ ಮೊದಲ ಬಾರಿಗೆ ಒಟ್ಟುಗೂಡಿಸಿದ ದಾಖಲೆಗಳಲ್ಲಿ ಇಂತಹ ನಿರಾಕರಣೆಯ ಪಟ್ಟಿಯೂ ಒಂದು ಎಂಬುದು ಗಮನಾರ್ಹ.

ಗ್ರಂಥಾಲಯ ವಿಜ್ಞಾನದ ಪದ್ಧತಿಗಳು ಈ ಕಾದಂಬರಿಗಳನ್ನು ಗುರುತಿಸುವ ಗೊಡವೆಗೆ ಹೋಗಲಿಲ್ಲ. ಮೆಲ್ವಿಲ್ ಡ್ಯೂಯಿಯ ದಶಮಾಂಶ ಪದ್ಧತಿ (1876) ಸಾಹಿತ್ಯವನ್ನು ಭಾಷೆ, ರೂಪ, ಕಾಲಗಳಿಂದ ವಿಂಗಡಿಸುತ್ತದೆ. ಎಸ್.ಆರ್. ರಂಗನಾಥನ್ ಅವರ ಕೋಲನ್ ಪದ್ಧತಿ (1933) ಭಾಷೆ, ರೂಪ, ಲೇಖಕ, ಕೃತಿ ಎಂಬ ಕ್ರಮವನ್ನು ಅನುಸರಿಸುತ್ತದೆ. ಓದುಗನಿಗೆ ಅವನ ಪುಸ್ತಕ ದೊರೆಯಬೇಕು, ಪುಸ್ತಕಕ್ಕೆ ಅದರ ಓದುಗ ದೊರೆಯಬೇಕು ಎಂದು 1931ರಲ್ಲೇ ಸೂತ್ರೀಕರಿಸಿದ ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ದಸ್ತಾವೇಜು ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಅವರ ಪದ್ಧತಿಯಲ್ಲಿ ಲೇಖಕನ ಹುಟ್ಟಿದ ವರ್ಷಕ್ಕೆ ಸ್ಥಾನವಿದೆ, ಕಥೆಯ ಬಗೆಗೆ ಇಲ್ಲ. ‘ಮೊನ್ನೆ ಓದಿದಂಥದೇ ಇನ್ನೊಂದು ಕೊಡಿ’ ಎಂದು ಕೇಳಿಬರುವ ಓದುಗಳಿಗೆ ಈ ಎರಡು ಪದ್ಧತಿಗಳಲ್ಲಿ ಯಾವುದೂ ಉತ್ತರ ಕೊಡಲಾರದು.

ಆ ಉತ್ತರವನ್ನು ಕೊಡುತ್ತಿದ್ದವರು ಪುಸ್ತಕ ಮಾರುವವರು ಮತ್ತು ಬಾಡಿಗೆಗೆ ಕೊಡುವವರು. ಇವರಲ್ಲಿ ಒಬ್ಬಾಕೆಯ ಕೆಲಸ ಅಪರೂಪಕ್ಕೆ ಸವಿವರವಾಗಿ ದಾಖಲಾಗಿದೆ. ಜಾನಿಸ್ ರ‍್ಯಾಡ್‌ವೇ ಅವರ ‘ರೀಡಿಂಗ್ ದ ರೊಮಾನ್ಸ್’ (1984) ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಊರಿನ ಪುಸ್ತಕದಂಗಡಿಯ ಸಹಾಯಕಿ ಮತ್ತು ಆಕೆಯ ಗಿರಾಕಿಗಳ ಅಧ್ಯಯನ. ಊರಿಗೆ ‘ಸ್ಮಿತ್‌ಟನ್’ ಎಂದೂ ಆಕೆಗೆ ‘ಡಾಟ್’ ಎಂದೂ ಬದಲಿ ಹೆಸರುಗಳನ್ನು ಇಡಲಾಗಿದೆ. ವಕ್ತೃಗಳ ಗುರುತನ್ನು ಕಾಪಾಡುವ ಈ ಕ್ರಮ ಕ್ಷೇತ್ರಕಾರ್ಯ ಮಾಡುವವರಿಗೆ ಪರಿಚಿತವಾದುದೇ. ತಿಂಗಳು ತಿಂಗಳು ರಾಶಿಯಾಗಿ ಬರುತ್ತಿದ್ದ ಅಗ್ಗದ ಪುಸ್ತಕಗಳಲ್ಲಿ ಯಾವುದು ಹಣ ಕೊಟ್ಟು ಕೊಳ್ಳಲು ಯೋಗ್ಯ ಎಂದು ಹೇಳುವುದರಲ್ಲಿ ಡಾಟ್ ಹೆಸರುವಾಸಿಯಾಗಿದ್ದಳು. ಅನಂತರ ತನ್ನದೇ ಶಿಫಾರಸುಗಳ ಸುದ್ದಿಪತ್ರವೊಂದನ್ನು ಹೊರಡಿಸತೊಡಗಿದಳು. ನ್ಯೂಯಾರ್ಕಿನ ಸಂಪಾದಕರು ಆಕೆಗೆ ಕರಡಚ್ಚು ಪ್ರತಿಗಳನ್ನು ಕಳುಹಿಸಿ ಅಭಿಪ್ರಾಯ ಕೇಳುವಷ್ಟರಮಟ್ಟಿಗೆ ಅವಳ ಮಾತಿಗೆ ತೂಕ ಬಂದಿತು.

ಡಾಟ್ ಮತ್ತು ಆಕೆಯ ಗಿರಾಕಿಗಳ ವಿಂಗಡಣೆಯ ತತ್ತ್ವ ಯಾವುದು ಎಂಬುದು ಇಲ್ಲಿ ಮುಖ್ಯ. ಪ್ರಕಾಶಕರು ಕಥೆ ನಡೆಯುವ ಕಾಲ, ಸ್ಥಳ, ಪುಟಸಂಖ್ಯೆ, ಶೃಂಗಾರದ ಪ್ರಮಾಣಗಳನ್ನು ಹಿಡಿದು ಮಾಲೆಗಳನ್ನು ರೂಪಿಸುತ್ತಿದ್ದರು. ಈ ಓದುಗರಾದರೋ ನಾಯಕಿಯನ್ನು ನಾಯಕ ಹೇಗೆ ನಡೆಸಿಕೊಳ್ಳುತ್ತಾನೆ, ಅವಳ ಬುದ್ಧಿಗೆ ಬೆಲೆಯಿದೆಯೇ, ಒಲವು ನಿಧಾನವಾಗಿ ಬೆಳೆಯುತ್ತದೆಯೇ, ಕೊನೆ ಸುಖಕರವೇ ಎಂದು ನೋಡುತ್ತಿದ್ದರು. ಬಲಾತ್ಕಾರ ಮತ್ತು ದುಃಖಾಂತ್ಯ ಅವರಿಗೆ ಸಲ್ಲದ ಸಂಗತಿಗಳು. ಕೊಳ್ಳುವ ಮೊದಲೇ ಕೊನೆಯ ಪುಟಗಳ ಮೇಲೆ ಕಣ್ಣಾಡಿಸಿ ಖಾತ್ರಿಪಡಿಸಿಕೊಳ್ಳುತ್ತಿದ್ದವರೂ ಇದ್ದರು. ಗೊತ್ತಿರುವ ಕಥೆಯನ್ನೇ ಮತ್ತೆ ಮತ್ತೆ ಕೇಳಬಯಸುವ ಅಜ್ಜಿಕಥೆಯ ಕೇಳುಗರನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು. ರ‍್ಯಾಡ್‌ವೇ 42 ಓದುಗರ ಪ್ರಶ್ನಾವಳಿಗಳನ್ನು ಪರಿಶೀಲಿಸಿ, ಅವರು ಉತ್ತಮವೆಂದು ಒಪ್ಪಿದ 20 ಕಾದಂಬರಿಗಳನ್ನು ಪ್ರತ್ಯೇಕಿಸಿದರು. ರಷ್ಯಾದ ಅದ್ಭುತ ಕಥೆಗಳಲ್ಲಿ 31 ಕ್ರಿಯಾಘಟಕಗಳನ್ನು ಗುರುತಿಸಿದ ವ್ಲಾದಿಮಿರ್ ಪ್ರಾಪ್ (1928) ಅವರ ವಿಧಾನವನ್ನು ಅನುಸರಿಸಿ, ಈ ಕಾದಂಬರಿಗಳಲ್ಲಿ 13 ಘಟಕಗಳ ಸರಣಿಯೊಂದನ್ನು ಕಂಡುಕೊಂಡರು. ಇಂತಹ ಓದು ಮಹಿಳೆಯರನ್ನು ಕುಟುಂಬದ ಇರುವ ವ್ಯವಸ್ಥೆಗೇ ಒಗ್ಗಿಸುತ್ತದೆಯೇ ಎಂಬ ಅವರ ಪ್ರಶ್ನೆ ಅನಂತರ ಹೆಚ್ಚು ಚರ್ಚೆಗೆ ಒಳಗಾಯಿತು. ಆದರೆ ಓದುಗರ ವಿಂಗಡಣೆಗೆ ಒಂದು ವ್ಯವಸ್ಥೆಯಿದೆ ಎಂದು ತೋರಿಸಿಕೊಟ್ಟದ್ದು ಆ ಚರ್ಚೆಗಿಂತ ಬಾಳಿಕೆಯ ಫಲಿತವೆಂದು ಹೇಳಬೇಕಾಗುತ್ತದೆ. ವಿದ್ವಾಂಸರು ನಿರ್ಮಿಸುವ ವಿಶ್ಲೇಷಣಾತ್ಮಕ ವರ್ಗಗಳು ಬೇರೆ, ಸಮುದಾಯ ತನ್ನೊಳಗೆ ಬಳಸುವ ಪ್ರಕಾರಗಳು ಬೇರೆ ಎಂದು ಡಾನ್ ಬೆನ್-ಅಮೋಸ್ 1969ರಲ್ಲಿ ಮಾಡಿದ ಭೇದವನ್ನು ಇಲ್ಲಿ ಸ್ಮರಿಸಬಹುದು.

ಗ್ರಂಥಪಾಲಕರ ಕೈಪಿಡಿಗಳೂ ಸರಿಸುಮಾರು ಇದೇ ಹೊತ್ತಿಗೆ ಬಂದವು. ಬೆಟ್ಟಿ ರೋಸೆನ್‌ಬರ್ಗ್ ಅವರ ‘ಜಾನ್ರಿಫ್ಲೆಕ್ಟಿಂಗ್’ 1982ರಲ್ಲಿ ಪ್ರಕಟವಾಯಿತು. ಕ್ರಿಸ್ಟಿನ್ ರಾಮ್ಸ್‌ಡೆಲ್ ಪ್ರಣಯ ಕಾದಂಬರಿಗಳಿಗೆಂದೇ 1987ರಲ್ಲಿ ಒಂದು ಮಾರ್ಗದರ್ಶಿಯನ್ನೂ 1999ರಲ್ಲಿ ಅದಕ್ಕಿಂತ ವಿಸ್ತಾರವಾದ ಇನ್ನೊಂದನ್ನೂ ರಚಿಸಿದರು. ಸಮಕಾಲೀನ, ಐತಿಹಾಸಿಕ, ರಹಸ್ಯಪ್ರಧಾನ, ಧಾರ್ಮಿಕ ಪ್ರೇರಣೆಯ ಕಾದಂಬರಿ ಎಂಬಂತಹ ಒಳವಿಭಾಗಗಳು ಗ್ರಂಥಾಲಯಗಳಲ್ಲಿ ಬಳಕೆಗೆ ಬಂದವು. 1980ರಲ್ಲಿ ಸ್ಥಾಪನೆಯಾದ ರೊಮಾನ್ಸ್ ರೈಟರ್ಸ್ ಆಫ್ ಅಮೆರಿಕ ಎಂಬ ಲೇಖಕರ ಸಂಘ ಈ ಪ್ರಕಾರಕ್ಕೆ ಎರಡು ಲಕ್ಷಣಗಳನ್ನು ನಿಗದಿಪಡಿಸಿತು. ಪ್ರೇಮಕಥೆ ಕೇಂದ್ರದಲ್ಲಿರಬೇಕು, ಮುಕ್ತಾಯ ತೃಪ್ತಿದಾಯಕವೂ ಆಶಾದಾಯಕವೂ ಆಗಿರಬೇಕು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ ಒಂದು ವಿಭಾಗ 2007ರಲ್ಲಿ ಎಂಟು ಪ್ರಕಾರಗಳ ವಾರ್ಷಿಕ ಓದುಪಟ್ಟಿಯನ್ನು ಏರ್ಪಡಿಸಿದಾಗ ‘ರೊಮಾನ್ಸ್’ ಒಂದು ಪ್ರಕಾರವಾಗಿಯೂ ‘ಮಹಿಳಾ ಕಾದಂಬರಿ’ ಅದರಿಂದ ಬೇರೆಯಾದ ಪ್ರಕಾರವಾಗಿಯೂ ಸೇರಿದವು. ಎರಡನೆಯದಕ್ಕೆ ಮುಂದೆ ‘ಸಂಬಂಧಗಳ ಕಾದಂಬರಿ’ ಎಂದು ಹೆಸರು ಬದಲಾಯಿತು. 1881ರಲ್ಲಿ ದೂರವಿಡಲು ಕೇಳಿದ್ದ ಸಂಸ್ಥೆಯೇ ನೂರಿಪ್ಪತ್ತಾರು ವರ್ಷಗಳ ತರುವಾಯ ಓದಲು ಶಿಫಾರಸು ಮಾಡಿದಂತಾಯಿತು.

ಒಳಗೆ ಬಂದ ಮೇಲೂ ಹೊರಗುಳಿದವರು ಇದ್ದರು. ಕಪ್ಪು ಲೇಖಕಿಯೊಬ್ಬರು ಕಪ್ಪು ನಾಯಕ ನಾಯಕಿಯರನ್ನಿಟ್ಟು ಬರೆದ ಮಾಲಿಕಾ ಪ್ರಣಯ ಕಾದಂಬರಿಗಳಲ್ಲಿ ಮೊದಲನೆಯದೆಂದು ಗುರುತಿಸಲಾಗುವ ‘ಎಂಟ್ವೈನ್ಡ್ ಡೆಸ್ಟಿನೀಸ್’ 1980ರಲ್ಲಿ ಸಂಪಾದಕಿ ವಿವಿಯನ್ ಸ್ಟೀಫನ್ಸ್ ಅವರ ಮುತುವರ್ಜಿಯಿಂದ ಹೊರಬಂದಿತು. ಇಂತಹ ಪುಸ್ತಕಗಳು ಅಂಗಡಿಗಳಲ್ಲಿ ಅನೇಕ ವೇಳೆ ಪ್ರಣಯ ಕಾದಂಬರಿಗಳ ಸಾಲಿಗೆ ಬರದೆ ‘ಆಫ್ರಿಕನ್ ಅಮೆರಿಕನ್’ ಎಂಬ ಪ್ರತ್ಯೇಕ ಕಪಾಟಿಗೆ ಹೋಗುತ್ತಿದ್ದವು. ಪ್ರೇಮಕಥೆ ಹುಡುಕಿ ಬಂದವರ ಕಣ್ಣಿಗೆ ಬೀಳುತ್ತಿರಲಿಲ್ಲ. ಮೇಲೆ ಹೇಳಿದ ಲೇಖಕರ ಸಂಘದ ರೀಟಾ ಪ್ರಶಸ್ತಿ ಕಪ್ಪು ಲೇಖಕಿಯರಿಗೆ ಮೊದಲು ದೊರೆತದ್ದು 2019ರಲ್ಲಿ. ಅನಂತರ ಸ್ಟೀಫನ್ಸ್ ಅವರ ಹೆಸರಿನಲ್ಲಿ ಸ್ಥಾಪಿಸಿದ ಪ್ರಶಸ್ತಿ 2021ರಲ್ಲಿ ಧಾರ್ಮಿಕ ಪ್ರೇರಣೆಯ ವಿಭಾಗದಲ್ಲಿ ಒಂದು ಕಾದಂಬರಿಗೆ ಸಂದಿತು. ಅದರ ನಾಯಕ 1890ರ ವೂಂಡೆಡ್ ನೀ ಹತ್ಯಾಕಾಂಡದಲ್ಲಿ ಪಾಲ್ಗೊಂಡ ಸೈನಿಕ. ತೀವ್ರ ಆಕ್ಷೇಪಣೆ ಬಂದ ಮೇಲೆ ಪ್ರಶಸ್ತಿಯನ್ನು ಹಿಂಪಡೆಯಲಾಯಿತು. ಪ್ರಾಯಶ್ಚಿತ್ತ ಮತ್ತು ಒಲವಿನ ಕಥಾಸರಣಿ ಪ್ರಕಾರದ ಲಕ್ಷಣಕ್ಕೆ ಹೊಂದಿದ್ದಿರಬಹುದು. ಕೊಲೆಯಾದ ಲಕೋಟಾ ಜನರ ಕಡೆಯಿಂದ ಆ ಕಥೆ ಹೇಗೆ ಕಾಣುತ್ತದೆ ಎಂಬುದಕ್ಕೆ ಆ ಲಕ್ಷಣದಲ್ಲಿ ಎಡೆಯಿರಲಿಲ್ಲ.

ಇನ್ನು ಕನ್ನಡದ ಸಂದರ್ಭ. ಕನ್ನಡದಲ್ಲಿ ‘ಪ್ರಣಯ ಕಾದಂಬರಿ’ ಎಂಬುದು ಗಟ್ಟಿಯಾಗಿ ನೆಲೆಗೊಂಡ ವರ್ಗವಲ್ಲ. ‘ರಮ್ಯ’ ಎಂದೊಡನೆ ನವೋದಯ ಕಾವ್ಯವೂ ‘ರೊಮಾನ್ಸ್’ ಎಂದೊಡನೆ ನೇಮಿಚಂದ್ರನ ‘ಲೀಲಾವತಿ’ಯೂ ವಿಮರ್ಶಕರ ನೆನಪಿಗೆ ಬರುತ್ತವೆ. ಕಾದಂಬರಿಗಳ ಶೀರ್ಷಿಕೆಪುಟಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸಾಮಾಜಿಕ, ಐತಿಹಾಸಿಕ, ಪೌರಾಣಿಕ, ಪತ್ತೇದಾರಿ ಎಂಬ ಹೆಸರುಗಳು. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಸಾಯಿಸುತೆ ಮೊದಲಾದವರು ಒಲವು, ಮದುವೆ, ದಾಂಪತ್ಯಗಳನ್ನು ಕುರಿತು ಬರೆದ ಕೃತಿಗಳೆಲ್ಲವೂ ‘ಸಾಮಾಜಿಕ’ದೊಳಗೆ ಅಡಕವಾದವು. ಇದರ ಜೊತೆಗೆ ‘ಅಡುಗೆಮನೆ ಸಾಹಿತ್ಯ’ ಎಂಬ ತಾತ್ಸಾರದ ಹೆಸರೂ ಸೇರಿಕೊಂಡಿತು. ಅದು ಕೃತಿಗಳ ಲಕ್ಷಣವನ್ನು ಹೇಳುವುದಕ್ಕಿಂತ ಓದುಗರ ಸ್ಥಳವನ್ನು ಹೇಳುವ ಹೆಸರು.

ಅಮೆರಿಕದ ಎರಡು ಲಕ್ಷಣಗಳನ್ನು ಇವಕ್ಕೆ ಅನ್ವಯಿಸಿದರೆ ಏನಾಗುತ್ತದೆ? ತ್ರಿವೇಣಿಯವರ (1928-1963) ‘ಬೆಳ್ಳಿಮೋಡ’ದಲ್ಲಿ ಆಸ್ತಿಯ ಆಸೆ ಕರಗಿದೊಡನೆ ಮದುವೆಯ ಮಾತಿನಿಂದ ಹಿಂದೆ ಸರಿದ ಯುವಕ ಮುಂದೆ ಮನಸ್ಸು ಬದಲಿಸಿ ಬಂದಾಗ ಇಂದಿರೆ ಅವನನ್ನು ನಿರಾಕರಿಸುತ್ತಾಳೆ. ‘ಶರಪಂಜರ’ದ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣಮುಖಳಾಗಿ ಮನೆಗೆ ಬಂದರೂ ಗಂಡನ ಮತ್ತು ನೆರೆಹೊರೆಯ ಸಂಶಯದ ನಡುವೆ ಮತ್ತೆ ಕುಸಿಯುತ್ತಾಳೆ. ಎರಡೂ ಪ್ರಣಯ ಕಾದಂಬರಿಗಳ ಪಟ್ಟಿಯಿಂದ ಹೊರಗುಳಿಯುತ್ತವೆ. ವಿಧವಾ ವಿವಾಹವನ್ನು ಕುರಿತ ‘ಹಣ್ಣೆಲೆ ಚಿಗುರಿದಾಗ’ ಒಳಗೆ ಬರಬಹುದು. ಒಬ್ಬರೇ ಲೇಖಕಿಯ ಈ ಮೂರು ಕೃತಿಗಳು ಒಂದೇ ಓದುಗವರ್ಗವನ್ನು ತಲಪಿದವು; ಮೂರೂ ಚಲನಚಿತ್ರಗಳಾಗಿ ಅದೇ ಪ್ರೇಕ್ಷಕಿಯರನ್ನು ಸೆಳೆದವು. ಸುಖಾಂತ್ಯದ ಅಳತೆಗೋಲು ಈ ಸಮುದಾಯವನ್ನು ಒಡೆಯುತ್ತದೆ.

ಇದಕ್ಕೆ ಕಾರಣವನ್ನು ಮೌಖಿಕ ಪರಂಪರೆಯಲ್ಲಿ ಹುಡುಕಬಹುದು. ಎ.ಕೆ. ರಾಮಾನುಜನ್ ಅವರು ಕನ್ನಡ ನಾಡಿನ ಹೆಂಗಸರ ಕಥೆಗಳನ್ನು ವಿಶ್ಲೇಷಿಸುತ್ತ ಗುರುತಿಸಿದ ಒಂದು ಅಂಶ ಇಲ್ಲಿ ಸಹಾಯಕ. ನಾಯಕಪ್ರಧಾನ ಕಥೆ ಮದುವೆಯೊಂದಿಗೆ ಮುಗಿಯುತ್ತದೆ. ನಾಯಕಿಪ್ರಧಾನ ಕಥೆಯಲ್ಲಿ ಮದುವೆ ಬೇಗನೆ ಆಗಿಹೋಗಿ, ನಿಜವಾದ ಕಷ್ಟ ಅಲ್ಲಿಂದ ಆರಂಭವಾಗುತ್ತದೆ. ಅವರ ನಿಧನಾನಂತರ 1997ರಲ್ಲಿ ಪ್ರಕಟವಾದ ಸಂಗ್ರಹಕ್ಕೆ ಹೆಸರು ಕೊಟ್ಟ, ಹೂಬಿಡುವ ಮರವಾಗಬಲ್ಲ ಹುಡುಗಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಆರ್ನೆ-ಥಾಮ್ಸನ್ ಸೂಚಿಯ ರಮ್ಯ ಕಥೆಗಳಲ್ಲಿಯೂ ರಾಜಕುಮಾರನನ್ನು ವರಿಸುವ ಕಥೆಗಳ ಮುಂದಿನ ಸ್ಥಾನ, 880ರಿಂದ 899ರವರೆಗೆ, ನಿಷ್ಠೆ ಮತ್ತು ನಿರ್ದೋಷಿತ್ವದ ಪರೀಕ್ಷೆಯ ಕಥೆಗಳಿಗಿದೆ. ಕಾವೇರಿಯ ಬಂಧುಗಳನ್ನು ಅಲ್ಲಿ ಕಾಣಬಹುದು. ಮದುವೆಗೆ ಮುಂಚಿನ ಕಥೆ, ಮದುವೆಯ ಮಾತು ಮುರಿದ ಕಥೆ, ಮದುವೆಯ ನಂತರದ ಕಥೆ ಎಂಬ ವಿಂಗಡಣೆ ಕನ್ನಡ ಕಾದಂಬರಿಗಳಿಗೆ ಹೆಚ್ಚು ಒಗ್ಗುತ್ತದೆ ಎಂದು ತೋರುತ್ತದೆ.

ಆದರೆ ಕನ್ನಡದ ಓದುಗಿಯರು ಹೀಗೆಯೇ ವಿಂಗಡಿಸುತ್ತಿದ್ದರೇ ಎಂಬುದಕ್ಕೆ ಸಾಕ್ಷ್ಯ ಬೇಕು. ದಿನಬಾಡಿಗೆಯ ಮೇಲೆ ಕಾದಂಬರಿ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಮಾಲೀಕರು ಯಾರಿಗೆ ಯಾವ ಪುಸ್ತಕ ಕೊಡಬೇಕೆಂಬುದನ್ನು ಬಲ್ಲವರಾಗಿದ್ದರು. ಅವರ ಎರವಲು ಪುಸ್ತಕಗಳಲ್ಲಿ ಒಂದು ಮನೆಗೆ ಯಾವುದರ ಹಿಂದೆ ಯಾವುದು ಹೋಯಿತು ಎಂಬ ದಾಖಲೆಯಿರುತ್ತಿತ್ತು. ದೂರದರ್ಶನದ ಧಾರಾವಾಹಿಗಳು ಬಂದ ನಂತರ ಈ ಲೈಬ್ರರಿಗಳು ಒಂದೊಂದಾಗಿ ಮುಚ್ಚತೊಡಗಿ, ಕಾದಂಬರಿಗಳು ಹಳೆ ಪುಸ್ತಕದಂಗಡಿಗಳಿಗೂ ರದ್ದಿಗೂ ಹೋದವು. ಅಮೆರಿಕದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಆರಂಭವಾದ ಜನಪ್ರಿಯ ಸಂಸ್ಕೃತಿ ಗ್ರಂಥಾಲಯ ಅಗ್ಗದ ಪ್ರಣಯ ಕಾದಂಬರಿಗಳ ಜೊತೆಗೆ ಲೇಖಕರ ಸಂಘದ ಕಡತಗಳನ್ನೂ ಸಂಗ್ರಹಿಸಿಟ್ಟಿದೆ. ಕರ್ನಾಟಕದಲ್ಲಿ ಲೈಬ್ರರಿ ನಡೆಸಿದವರಲ್ಲಿ ಈಗ ಉಳಿದಿರುವವರು ವಯೋವೃದ್ಧರು. ಅವರಿಂದ ಮೊದಲು ಕೇಳಿ ಬರೆದುಕೊಳ್ಳಬೇಕಾದದ್ದು ಲೇಖಕಿಯರ ಹೆಸರುಗಳಲ್ಲ, ಗಿರಾಕಿಗಳು ಬಾಗಿಲಲ್ಲಿ ನಿಂತು ಪುಸ್ತಕವನ್ನು ಯಾವ ಮಾತುಗಳಲ್ಲಿ ಕೇಳುತ್ತಿದ್ದರು ಎಂಬುದು.